ಭಾರ ಹೊರುವುದು ಬೋಲ್ಟ್ ಅಲ್ಲ

ಎಲ್ಲರಿಗೂ ಶರಣು. ಸಂಗೀತಾ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಬೇಳೆ ಮಿಲ್ಲಿನ ಸದ್ದಿನಲ್ಲಿ ಮಾತನಾಡಲು ಆಗಲಿಲ್ಲ, ಈಗ ಹೊರಗೆ ಬಂದು ಹೇಳುತ್ತಿದ್ದೇನೆ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ ವಿಮಾನದಿಂದ ಬಾಗಿಲ ಜಾಗ ಮುಚ್ಚುವ ಹಲಗೆ ಹಾರಿಹೋಯಿತಲ್ಲ, ‘ಅಷ್ಟು ದೊಡ್ಡದಕ್ಕೆ ನಾಲ್ಕೇ ಬೋಲ್ಟ್ ಏಕೆ, ಹತ್ತು ಹಾಕಬಾರದಿತ್ತೇ ಕಾಕಾ?’ ಎಂದು ಕೇಳಿದ್ದೀಯ.

ಮೊದಲು ಇದು ತಿಳಿ: ಆ ಬೋಲ್ಟ್‌ಗಳು ಗಾಳಿಯ ಒತ್ತಡವನ್ನು ಹೊರುವುದೇ ಇಲ್ಲ. ಮೇಲೆ ಹೋದಾಗ ಒಳಗಿನ ಗಾಳಿ ಪ್ರತಿ ಚದರ ಇಂಚಿಗೆ ಸುಮಾರು 8 ಪೌಂಡ್ ಲೆಕ್ಕದಲ್ಲಿ ಹೊರಗೆ ನೂಕುತ್ತದೆ. ಆ ಹಲಗೆ ಸಾವಿರ ಚದರ ಇಂಚಿಗಿಂತ ದೊಡ್ಡದು. ಅಂದರೆ ಮೂರೂವರೆ ಟನ್ನಿಗೂ ಮೇಲೆ! ಇದನ್ನು ಹೊರುವುದು ಎರಡೂ ಅಂಚಿನಲ್ಲಿ ಆರಾರರಂತೆ ಇರುವ 12 ಚಾಚುಗಳು. ಅವು ಚೌಕಟ್ಟಿನ 12 ತಡೆಗಳಿಗೆ ಒಳಗಿನಿಂದ ಒತ್ತಿ ನಿಂತು, ಭಾರವನ್ನು ವಿಮಾನದ ಪಕ್ಕೆಲುಬುಗಳಿಗೆ ಹಂಚುತ್ತವೆ. ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಗಿಡ್ಡನಿದ್ದರೆ ಪಕ್ಕದವರ ಹೆಗಲು ಕೆಂಪಾಗುತ್ತದೆ, ನೋಡಿರುತ್ತೀಯ. ಹಾಗೆಯೇ ಒಂದು ಚಾಚು ಕೂದಲೆಳೆಯಷ್ಟು ಹಿಂದುಳಿದರೂ ಅದರ ಪಾಲು ನೆರೆಯವುಗಳ ಮೇಲೆ ಬೀಳುತ್ತದೆ. ಆದ್ದರಿಂದ ಒಂದೊಂದನ್ನೂ ತಾಗಿಸಿ ಹೊಂದಿಸಬೇಕು.

ಹಾಗಾದರೆ ಬೋಲ್ಟ್ ಏಕೆ? ನಮ್ಮಪ್ಪನ ಬಂಡಿ ನೆನಪಿದೆಯೇ ಅಣ್ಣಾ? ಜೋಳದ ಚೀಲಗಳ ಭಾರವೆಲ್ಲ ಅಚ್ಚಿನ ಮೇಲೆ. ಕಡಾಣಿಯ ಮೇಲೆ ಒಂದು ಸೇರೂ ಇಲ್ಲ. ಆದರೂ ಅಪ್ಪ ಅದನ್ನು ಕಲ್ಲಿನಿಂದ ತಟ್ಟಿ ನೋಡದೆ ಎತ್ತು ಹೂಡುತ್ತಿರಲಿಲ್ಲ. ಕಡಾಣಿ ಇಲ್ಲದಿದ್ದರೆ ಗಾಲಿ ಒಮ್ಮೆಲೇ ಬೀಳುವುದಿಲ್ಲ, ಹೆಜ್ಜೆ ಹೆಜ್ಜೆಗೂ ಒಂದಿಷ್ಟು ಹೊರಗೆ ಸರಿಯುತ್ತದೆ. ಈ ಹಲಗೆಯದೂ ಅದೇ ಕಥೆ. ಅದನ್ನು ತೆರೆಯಬೇಕಾದರೆ ಮೊದಲು ತುಸು ಮೇಲೆತ್ತಬೇಕು. ಆಗ ಚಾಚುಗಳು ತಡೆಗಳಿಂದ ಪಾರಾಗುತ್ತವೆ, ಹಲಗೆ ಕೆಳಗಿನ ಕೀಲಿನ ಮೇಲೆ ಹೊರಕ್ಕೆ ವಾಲುತ್ತದೆ. ಹಾಗೆ ಮೇಲೇಳದಂತೆ ಹಿಡಿಯುವುದಷ್ಟೇ ನಾಲ್ಕು ಬೋಲ್ಟ್‌ಗಳ ಕೆಲಸ.

ಅವು ಮುರಿಯಲಿಲ್ಲ ಸಂಗೀತಾ, ಅಲ್ಲಿ ಇರಲೇ ಇಲ್ಲ! ಕಾರ್ಖಾನೆಯಲ್ಲಿ ರಿವೆಟ್ ದುರಸ್ತಿಗೆಂದು ಹಲಗೆ ತೆರೆದವರು ಬೋಲ್ಟ್ ಮರಳಿ ಹಾಕಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲ ಹಾರಾಡುತ್ತ ಹಲಗೆ ಮೇಲೆ ಮೇಲೆ ಸರಿಯಿತು. ಹತ್ತು ಬೋಲ್ಟ್‌ಗೆ ಜಾಗ ಮಾಡಿದ್ದರೂ ಹತ್ತನ್ನೂ ಮರೆಯುತ್ತಿದ್ದರು ಎಂದೇ ನನ್ನ ಅನುಮಾನ. ಪುಣ್ಯಕ್ಕೆ ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ, 177 ಜನರೂ ಬದುಕಿ ಇಳಿದರು. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ: ಹಲಗೆ ತೆರೆದದ್ದಕ್ಕೆ ತನಿಖೆಯವರಿಗೆ ಒಂದು ಸಾಲಿನ ದಾಖಲೆಯೂ ಸಿಗಲಿಲ್ಲ. ನಮ್ಮ ಮಿಲ್ಲಿನಲ್ಲಿ ಬೆಲ್ಟ್ ಬದಲಿಸಿದರೂ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇವೆ. ಸರಿ, ಒಳಗೆ ಕರೆಯುತ್ತಿದ್ದಾರೆ, ಇಡುತ್ತೇನೆ.