ಆರು ವರ್ಷ ನಿಂತಿದ್ದ ಹಳೆಯ ಟಿಲ್ಲರ್: ದುರಸ್ತಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ:
ತಂದೆಯವರು ಕೈತೋಟಕ್ಕೆ ಬಳಸುತ್ತಿದ್ದ, ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿನ ಟಿಲ್ಲರ್ ಆರು ವರ್ಷಗಳಿಂದ ಮೂಲೆ ಸೇರಿದೆ. ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಕಾಣುತ್ತದೆ. ಆದರೆ ಚೋಕ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಗ್ಗಿಸುವ ಕವಾಟ) ಹಾಕಿ ಹಗ್ಗ ಎಳೆದರೆ ಎಂಜಿನ್ ಕ್ಷಣಕಾಲ ಓಡಿ ನಿಂತುಬಿಡುತ್ತದೆ. ಟ್ಯಾಂಕಿನ ಮುಚ್ಚಳ ತೆರೆದರೆ ವಾರ್ನಿಷ್‌ನಂಥ ಘಾಟು ಬರುತ್ತದೆ. ಇದನ್ನು ಮಾರಲು ಮನಸ್ಸಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆ ಘಾಟಿನಲ್ಲೇ ಕಾರಣವಿದೆ. ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗಿ ಹೋದ ಮೇಲೆ ಉಳಿದದ್ದು ಅಂಟಿನಂತಾಗಿ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್‌ನ ಸಣ್ಣ ರಂಧ್ರವನ್ನು ಕಟ್ಟಿಬಿಡುತ್ತದೆ. ಮೊದಲು ಪ್ಲಗ್ಗಿನ ವೈರನ್ನು ಕಳಚಿ ದೂರವಿಡಿ; ಈ ಎಚ್ಚರಿಕೆಯನ್ನು ಎಂದಿಗೂ ಬಿಡಬೇಡಿ. ಬಳಿಕ ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು, ಕಾರ್ಬ್ಯುರೇಟರಿನ ಬಟ್ಟಲನ್ನು ಬಿಚ್ಚಿ, ಜೆಟ್ಟನ್ನು ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಬೆಳಕಿಗೆ ಹಿಡಿದು ನೋಡಿ: ರಂಧ್ರ ದುಂಡಗೆ, ಸ್ಪಷ್ಟವಾಗಿ ಕಾಣಬೇಕು. ಗಟ್ಟಿ ತಂತಿಯಿಂದ ಚುಚ್ಚಿದರೆ ರಂಧ್ರ ಹಿಗ್ಗಿ, ಇಂಧನದ ಅಳತೆಯೇ ಕೆಡುತ್ತದೆ.

ಉತ್ತರ 2:
ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ. ಎಂಜಿನ್ ಆಯಿಲ್ ಬದಲಿಸಿ, ಗಟ್ಟಿಯಾದ ಪೆಟ್ರೋಲ್ ಪೈಪನ್ನೂ ಹೊಸದಾಗಿ ಹಾಕಿ. ಆದರೆ ಹೆಚ್ಚಿನವರು ಮರೆಯುವುದು ಅಲಗುಗಳ ಹಿಂದಿನ ಶಾಫ್ಟನ್ನು. ಅಲ್ಲಿ ಸುತ್ತಿಕೊಂಡ ನಾರು, ದಾರಗಳು ಎಣ್ಣೆ ಹೊರಬರದಂತೆ ತಡೆಯುವ ಆಯಿಲ್ ಸೀಲನ್ನು ಸವೆಸಿ, ಗೇರ್‌ಬಾಕ್ಸಿನ ಎಣ್ಣೆ ಸೋರುವಂತೆ ಮಾಡುತ್ತವೆ. ಅಲಗುಗಳನ್ನು ಕಳಚಿ ಅವನ್ನೆಲ್ಲ ತೆಗೆಯಿರಿ; ಅಲಗುಗಳನ್ನು ಮರಳಿ ಜೋಡಿಸುವಾಗ ಹರಿತವಾದ ಅಂಚೇ ಮೊದಲು ಮಣ್ಣಿಗೆ ತಾಗುವಂತಿರಲಿ.

ಪ್ರಶ್ನೆ ಕೇಳಿದವರಿಂದ:
ಜೆಟ್‌ನ ರಂಧ್ರ ಪೂರ್ತಿ ಮುಚ್ಚಿಹೋಗಿತ್ತು. ಶುಚಿಗೊಳಿಸಿ ಹೊಸ ಪೆಟ್ರೋಲ್ ಹಾಕಿದ ಮೇಲೆ ಮೂರನೆಯ ಎಳೆತಕ್ಕೆ ಎಂಜಿನ್ ಚಾಲೂ ಆಗಿ, ಚೋಕ್ ತೆಗೆದರೂ ಓಡುತ್ತಿದೆ. ಶಾಫ್ಟಿನಿಂದ ಒಂದು ಹಿಡಿ ನೈಲಾನ್ ದಾರ ಬಂತು. ಸೀಲ್ ಸೋರುತ್ತಿರುವುದರಿಂದ ಅದನ್ನು ಬದಲಿಸಿದ ಮೇಲೆಯೇ ಮಣ್ಣಿಗಿಳಿಸುತ್ತೇನೆ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.