ಕಾಲಿದ್ದ ಉಗಿ ಎಂಜಿನ್ನಿಗೆ ಕನ್ನಡದಲ್ಲಿ ಏನನ್ನೋಣ?

ಹೈಸ್ಕೂಲು ಮಕ್ಕಳಿಗೆ ರೈಲಿನ ಕಥೆ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

1813ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಬಟರ್ಲಿ ಕಂಪನಿಯ ವಿಲಿಯಂ ಬ್ರಂಟನ್ ಒಂದು ಎಂಜಿನ್ ಮಾಡಿದ. ಸುಣ್ಣಕಲ್ಲಿನ ಬಂಡಿ ಎಳೆಯುವ ಕುದುರೆಗಳ ಬದಲಿಗೆ ಅದು. ‘ಮೆಕ್ಯಾನಿಕಲ್ ಟ್ರಾವೆಲರ್’ ಅಂತ ಹೆಸರು, ‘ಸ್ಟೀಮ್ ಹಾರ್ಸ್’ ಅಂತಲೂ ಕರೆದರು. ನಯವಾದ ಹಳಿ ಮೇಲೆ ಗಾಲಿ ಜಾರುತ್ತದೆ, ಭಾರ ಎಳೆಯಲಾರದು ಅನ್ನುವ ಅನುಮಾನ ಆಗ ಬಹಳ ಜನಕ್ಕಿತ್ತು. ಅದಕ್ಕೇ ಬ್ರಂಟನ್ ಹಿಂಭಾಗಕ್ಕೆ ಎರಡು ಕಾಲು ಜೋಡಿಸಿದ. ಗಾಲಿಗಳದ್ದು ಸುಮ್ನೆ ಉರುಳುವ ಕೆಲಸ. ಉಗಿಯ ಬಲಕ್ಕೆ ಒಂದು ಕಾಲು ನೆಲ ಒತ್ತಿ ಎಂಜಿನ್ನನ್ನು ಮುಂದಕ್ಕೆ ನೂಕುತ್ತಿತ್ತು, ಅಂಬಿಗ ಗಳ ಊರಿ ದೋಣಿ ತಳ್ಳುವ ಹಾಗೆ. ಅಷ್ಟರಲ್ಲಿ ಇನ್ನೊಂದು ಮೇಲೆದ್ದು ಮುಂದೆ ಬಂದು ಊರುತ್ತಿತ್ತು. ವೇಗ ಗಂಟೆಗೆ ಸುಮಾರು 3 ಮೈಲಿ. ಅದೇ ಹೊತ್ತಿಗೆ ಇಂಗ್ಲೆಂಡಿನದೇ ವೈಲಂ ಕಲ್ಲಿದ್ದಲು ಗಣಿಯಲ್ಲಿ ವಿಲಿಯಂ ಹೆಡ್ಲಿ ಗಾಲಿಯ ಹಿಡಿತವೇ ಸಾಕು ಅಂತ ತೋರಿಸಿದ. ಕಾಲಿನ ಅಗತ್ಯ ಉಳಿಯಲಿಲ್ಲ.

ಈಗ ಪದದ ವಿಷಯ. ‘ನಡೆಯುವ ಯಂತ್ರ’ ಅಂದರೆ ಕೆಡದೆ ಕೆಲಸ ಮಾಡುತ್ತಿರುವ ಯಂತ್ರ ಅನ್ನಿಸುತ್ತದೆ. ನಮ್ಮಲ್ಲಿ ಗಿರಣಿ, ಅಂಗಡಿ, ಮದುವೆ ಎಲ್ಲವೂ ನಡೆಯುತ್ತವೆ ಅಲ್ವಾ? ‘ಕಾಲು ಎಂಜಿನ್’ ಅಂದರೆ ಕಾಲು ಕೆಜಿಯ ನೆನಪಾಗುತ್ತದೆ. ‘ಉಗಿಬಂಡಿ’ ಸೊಗಸಾದ ಹಳೇ ಪದ, ಆದರೆ ರೈಲಿಗೇ ಸಂದುಹೋಗಿದೆ. ಗೆಳೆಯರೊಬ್ಬರು ‘ಕೀಲುಕುದುರೆ’ ಅಂದರು. ಅರ್ಥ ಚೆನ್ನಾಗಿ ಹೊಂದುತ್ತದೆ, ಕೀಲುಗಳಿದ್ದ ಕುದುರೆಯೇ ತಾನೆ ಅದು! ಆದರೆ ಆ ಹೆಸರು ಕೇಳಿದ ತಕ್ಷಣ ಕಣ್ಣಿಗೆ ಬರುವುದು ಜಾತ್ರೆಯ ಕುಣಿತ. 1815ರಲ್ಲಿ ಡರ್ಹಂನ ಕಲ್ಲಿದ್ದಲು ಸೀಮೆಯಲ್ಲಿ ಬ್ರಂಟನ್‌ನ ಇಂಥದೇ ಇನ್ನೊಂದು ಎಂಜಿನ್ನಿನ ಬಾಯ್ಲರ್ ಸಿಡಿದು ಹತ್ತಕ್ಕೂ ಜಾಸ್ತಿ ಜನ ಸತ್ತರು. ಆಟ-ಕುಣಿತ ನೆನಪಿಸುವ ಹೆಸರು ಇದಕ್ಕೆ ಒಪ್ಪುವುದಿಲ್ಲ.

ನನ್ನ ಒಲವು ‘ಉಗಿಗುದುರೆ’ ಕಡೆಗೆ. ಯಾವುದರ ಜಾಗಕ್ಕೆ ಬಂತು ಅನ್ನುವುದು ಹೆಸರಲ್ಲೇ ಸಿಗುತ್ತದೆ. ಒಂದೇ ಅಳುಕು: ‘ಬಿಸಿಲ್ಗುದುರೆ’ ಅಂದರೆ ಇಲ್ಲದ ಕುದುರೆ. ಅದೇ ಜಾಡಿನಲ್ಲಿ ‘ಉಗಿಗುದುರೆ’ಯನ್ನೂ ಉಗಿಯಲ್ಲಿ ಮೂಡಿದ ಭ್ರಮೆ ಅಂತ ಓದಿಕೊಳ್ಳುವವರು ಇರಬಹುದೇ? ‘ಹಬೆಗುದುರೆ’ ಮಾಡಿದರೂ ಈ ತೊಡಕು ತಪ್ಪುವುದಿಲ್ಲ. ನಿಮ್ಮ ಕಡೆ ಸ್ಟೀಮಿಗೆ ಉಗಿ, ಹಬೆ, ಆವಿ ಇವುಗಳಲ್ಲಿ ಯಾವುದು ಬಾಯಿಗೆ ಬರುತ್ತದೆ, ತಿಳಿಸಿ.

ಜೊತೆಗೆ ಇನ್ನೊಂದು. ಆ ಕಾಲಿನ ತುದಿಯಲ್ಲಿ ನೆಲಕ್ಕೆ ಊರುವ ಭಾಗಕ್ಕೆ ‘ಪಾದ’ ಅನ್ನಲೇ, ‘ಗೊರಸು’ ಅನ್ನಲೇ?