ಕಾರ್ಡ್ ಶೋಗಳಲ್ಲಿ ಬೆಲೆ ನಿಗದಿಯಾಗುವುದು ಹೇಗೆ, ಕೊಳ್ಳುವವರು ಏನನ್ನು ನಿರೀಕ್ಷಿಸಬೇಕು?

ಪ್ರಶ್ನೆ: ಬೈಂಡರ್‌ಪ್ರಿಯ

ಸದಸ್ಯರೆಲ್ಲರಿಗೂ ನಮಸ್ಕಾರ. ಬ್ಯಾಸ್ಕೆಟ್‌ಬಾಲ್ ಮತ್ತು ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡುಗಳನ್ನು ನಾನು ಇಷ್ಟು ದಿನ ಆನ್‌ಲೈನ್‌ನಲ್ಲಿಯೇ ಕೊಳ್ಳುತ್ತಿದ್ದೆ. ಈಚೆಗೆ ಕಾರ್ಡ್ ಶೋಗಳಿಗೆ, ಅಂದರೆ ಡೀಲರ್‌ಗಳು ಮೇಜು ಹಾಕಿ ಕಾರ್ಡು ಮಾರುವ, ಕೊಳ್ಳುವ ಪ್ರದರ್ಶನಗಳಿಗೆ, ಹೋಗಲು ಆರಂಭಿಸಿದ್ದೇನೆ. ಅಲ್ಲಿನ ವ್ಯವಹಾರದ ರೀತಿ ಮಾತ್ರ ಇನ್ನೂ ಸರಿಯಾಗಿ ಅರ್ಥವಾಗುತ್ತಿಲ್ಲ. ಒಂದೇ ಕಂಪನಿ ಸ್ಥಿತಿ ಪರೀಕ್ಷಿಸಿ ಒಂದೇ ಗ್ರೇಡ್ (ದರ್ಜೆ) ಕೊಟ್ಟಿರುವ ಒಂದೇ ಕಾರ್ಡಿಗೆ ಒಂದು ಮೇಜಿನವರು ಆನ್‌ಲೈನ್ ಮಾರಾಟ ತಾಣ ಇಬೇಯಲ್ಲಿ ಕೊನೆಯದಾಗಿ ಮಾರಾಟವಾದ ಬೆಲೆಗಿಂತ ಕಾಲು ಭಾಗ ಹೆಚ್ಚು ಹೇಳುತ್ತಾರೆ, ಎರಡು ಸಾಲು ದಾಟಿದರೆ ಇನ್ನೊಬ್ಬರು ಅದಕ್ಕಿಂತ ಶೇಕಡಾ ಹತ್ತರಷ್ಟು ಕಡಿಮೆಗೆ ಕೊಡಲು ಸಿದ್ಧರಿರುತ್ತಾರೆ. ಎಷ್ಟೋ ಕಾರ್ಡುಗಳ ಮೇಲೆ ಬೆಲೆಯ ಚೀಟಿಯೇ ಇರುವುದಿಲ್ಲ. ಕೇಳಿದ ಮೇಲೆ ಡೀಲರ್ ಫೋನ್ ತೆಗೆದು ನಮ್ಮೆದುರಿಗೇ ಹುಡುಕುತ್ತಾರೆ. ಅದೇ ಡೀಲರ್ ಬಳಿ ನಮ್ಮ ಕಾರ್ಡನ್ನು ಮಾರಲು ಹೋದರೆ, ಅದೇ ಫೋನ್ ತೋರಿಸುವ ಬೆಲೆಯ ಶೇಕಡಾ 65 ಅಥವಾ 70ರಷ್ಟನ್ನು ಮಾತ್ರ ಕೊಡುವುದಾಗಿ ಹೇಳುತ್ತಾರೆ.

ಹಾಗಿದ್ದರೆ ಕೊಳ್ಳುವವನು ಯಾವ ಬೆಲೆಯನ್ನು ನ್ಯಾಯವೆಂದು ಭಾವಿಸಬೇಕು? ಇಬೇಯ ಬೆಲೆಗಿಂತ ಕಡಿಮೆಗೆ ಕೇಳುವುದು ಡೀಲರ್‌ಗಳಿಗೆ ಅವಮಾನವೆನಿಸುತ್ತದೆಯೇ? ಬಹುಕಾಲದಿಂದ ಶೋಗಳಿಗೆ ಹೋಗುತ್ತಿರುವವರು ಅಲ್ಲಿ ಏನನ್ನು ಕೊಳ್ಳುತ್ತಾರೆ, ಯಾವುದನ್ನು ಅಲ್ಲಿ ಮುಟ್ಟುವುದೇ ಇಲ್ಲ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮೇಜಿನಾಚೆಯವನು

ನಾನು ವಾರಾಂತ್ಯಗಳಲ್ಲಿ ಶೋಗಳಲ್ಲಿ ಮೇಜು ಹಾಕಿ ಕಾರ್ಡು ಮಾರುವವನು, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದೀತು ಎಂಬುದನ್ನು ಮೊದಲೇ ಗಮನದಲ್ಲಿಟ್ಟುಕೊಂಡು ಓದಿ.

ನೀವು ಕೇಳಿದ್ದರಲ್ಲಿ ಶೇಕಡಾ 70ರ ವಿಷಯ ಸುಲಭವಾಗಿ ವಿವರಿಸಬಹುದಾದದ್ದು. ಒಂದು ಕಾರ್ಡು ಇಬೇಯಲ್ಲಿ 100 ಡಾಲರ್‌ಗೆ ಮಾರಾಟವಾಯಿತು ಎಂದರೆ ಮಾರಿದವನ ಕೈಗೆ 100 ಡಾಲರ್ ಬಂದಿರುವುದಿಲ್ಲ. ತಾಣದ ಶುಲ್ಕವೇ ಶೇಕಡಾ 13ರ ಆಸುಪಾಸಿನಲ್ಲಿರುತ್ತದೆ. ಅಂಚೆ, ಪ್ಯಾಕಿಂಗ್, ಆಗೊಮ್ಮೆ ಈಗೊಮ್ಮೆ ಹಿಂತಿರುಗಿ ಬರುವ ಸರಕು ಇವೆಲ್ಲ ಸೇರಿದರೆ ಅವನಿಗೆ ಉಳಿಯುವುದು 80ರಿಂದ 85 ಡಾಲರ್. ಅಂದರೆ, ಮನೆಯಲ್ಲಿ ಕುಳಿತು ಮಾರಿದರೂ ಸಿಗದ 100 ಡಾಲರನ್ನು ಡೀಲರ್ ನಗದಾಗಿ ಕೊಡಬೇಕೆಂದು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಅವನು ಮೇಜಿನ ಬಾಡಿಗೆ ತೆತ್ತಿದ್ದಾನೆ, ಪ್ರಯಾಣ ಮತ್ತು ವಸತಿಗೆ ಖರ್ಚು ಮಾಡಿದ್ದಾನೆ, ಕೊಂಡ ಕಾರ್ಡು ಮತ್ತೆ ಮಾರಾಟವಾಗುವವರೆಗೆ ಹಣ ಕಟ್ಟಿಹಾಕಿಕೊಂಡು ಕಾಯಬೇಕು, ಆ ನಡುವೆ ಆಟಗಾರ ಗಾಯಗೊಂಡರೆ ನಷ್ಟವೂ ಅವನದೇ. ಶೇಕಡಾವಾರು ಲೆಕ್ಕ ಎಲ್ಲ ಕಾರ್ಡಿಗೂ ಒಂದೇ ಆಗಿರುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ: ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಅವರ ಹೆಸರಾಂತ ಕಾರ್ಡೊಂದು ಸ್ಲ್ಯಾಬ್‌ನಲ್ಲಿದ್ದರೆ (ಗ್ರೇಡಿಂಗ್ ಕಂಪನಿ ಕಾರ್ಡನ್ನು ಮುಚ್ಚಿಕೊಡುವ ಪ್ಲಾಸ್ಟಿಕ್ ಪೆಟ್ಟಿಗೆ) ಶೇಕಡಾ 80ಕ್ಕೂ ಮೀರಿ ಕೊಡುವವರು ಸಿಗುತ್ತಾರೆ, ಕೇವಲ ಒಂದು ಊರಿನ ಅಭಿಮಾನಿಗಳು ಮಾತ್ರ ಗುರುತಿಸುವ ಆಟಗಾರನ ಕಾರ್ಡಿಗೆ ಅರ್ಧ ಬೆಲೆ ಸಿಕ್ಕರೂ ದೊಡ್ಡದು.

ಬೆಲೆ ಚೀಟಿ ಇಲ್ಲದಿರುವುದಕ್ಕೆ ಎರಡು ಕಾರಣಗಳಿವೆ. ಈಗ ಆಡುತ್ತಿರುವ ಆಟಗಾರರ ಕಾರ್ಡಿನ ಬೆಲೆ ವಾರದಿಂದ ವಾರಕ್ಕೆ ಬದಲಾಗುವುದರಿಂದ ಚೀಟಿ ಅಂಟಿಸುವುದು ವ್ಯರ್ಥ ಶ್ರಮ ಎಂಬುದು ನಾವು ಬಾಯಿಬಿಟ್ಟು ಹೇಳುವ ಕಾರಣ. ಕೇಳುವವರ ಮುಖ ನೋಡಿ ಬೆಲೆ ಹೇಳುವ ಅವಕಾಶ ಕೈತಪ್ಪಬಾರದು ಎಂಬುದು ಹೇಳದೆ ಉಳಿಸಿಕೊಳ್ಳುವ ಕಾರಣ. ಇದನ್ನು ಓದಿ ನನ್ನ ಸಹ ವ್ಯಾಪಾರಿಗಳು ಸಿಟ್ಟಾದರೂ ಆಗಲಿ.

ಇನ್ನು ಕಾಲು ಭಾಗ ಹೆಚ್ಚು ಹೇಳಿದ ಮೇಜಿನ ವಿಚಾರ. ಬಹಳ ಸಲ ಅದು ದುರಾಸೆಯಲ್ಲ, ಡೀಲರ್ ಹೆಚ್ಚು ಕೊಟ್ಟು ಕೊಂಡಿರುತ್ತಾನೆ. ಫ್ಲೀರ್ ಕಂಪನಿಯ 1986-87ರ ಸೆಟ್‌ನ 57ನೇ ಸಂಖ್ಯೆಯ ಜೋರ್ಡನ್ ಕಾರ್ಡು ಪಿಎಸ್‌ಎ 10 ಗ್ರೇಡಿನಲ್ಲಿ (ಪಿಎಸ್‌ಎ ಎಂಬ ಗ್ರೇಡಿಂಗ್ ಕಂಪನಿ ಕೊಡುವ ಅತ್ಯುನ್ನತ ಗ್ರೇಡು) 2021ರ ಜನವರಿಯಲ್ಲಿ 7,38,000 ಡಾಲರ್‌ಗೆ ಹರಾಜಾಯಿತು. ಅದೇ ಗ್ರೇಡಿನ ಅದೇ ಕಾರ್ಡು ಮುಂದಿನ ವರ್ಷ ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ ಬೆಲೆಗೆ ಇಳಿದಿತ್ತು. ಆ ಏರುಕಾಲದಲ್ಲಿ ಕೊಂಡ ಸರಕನ್ನು ಇಂದಿಗೂ ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು, ಬೆಲೆ ಮರಳಿ ಬರುತ್ತದೆಂದು ಕಾಯುತ್ತಿರುವವರಿದ್ದಾರೆ. ಅವರು ಎಷ್ಟಕ್ಕೆ ಕೊಂಡರು ಎಂಬುದಕ್ಕೆ ನೀವು ಹೊಣೆಯಲ್ಲ. ಒಂದು ಮಾತು ಹೇಳಿ ಮುಂದಿನ ಮೇಜಿಗೆ ಹೋಗಿ.

ಕಡಿಮೆಗೆ ಕೇಳುವುದು ಅವಮಾನವಲ್ಲ. ಕೊನೆಯ ಕೆಲವು ಮಾರಾಟಗಳ ಸರಾಸರಿಯ ಶೇಕಡಾ 85ರಿಂದ 90ರಷ್ಟನ್ನು ನಗದಾಗಿ ಕೊಡುತ್ತೇನೆ ಎಂದು ನೇರವಾಗಿ ಕೇಳಿದವರನ್ನು ನಾನು ಗೌರವದಿಂದಲೇ ಕಾಣುತ್ತೇನೆ. ಬೇಸರವಾಗುವುದು, ಹತ್ತು ಮಾರಾಟಗಳ ಪೈಕಿ ಅತ್ಯಂತ ಕಡಿಮೆಯ ಒಂದನ್ನು ಹುಡುಕಿ ತೋರಿಸಿ, ಅದರ ಅರ್ಧಕ್ಕೆ ಕೇಳಿ, ಕಾರ್ಡನ್ನು ಕೈಯಲ್ಲಿ ಹಿಡಿದೇ ನಿಲ್ಲುವವರನ್ನು ಕಂಡಾಗ.

ಉತ್ತರ: ಹಳೆಯ ರಟ್ಟು

ಮೇಲಿನ ಲೆಕ್ಕಾಚಾರವನ್ನು ನಾನು ಒಪ್ಪುತ್ತೇನೆ, ಆದರೆ ಕೊನೆಯ ಮಾರಾಟದ ಬೆಲೆಯನ್ನೇ ಎಲ್ಲದಕ್ಕೂ ಅಳತೆಗೋಲು ಮಾಡಿಕೊಂಡಿರುವುದನ್ನು ಒಪ್ಪುವುದಿಲ್ಲ. ಆ ಸಂಖ್ಯೆ ಕಾಣುವಷ್ಟು ಗಟ್ಟಿಯಲ್ಲ. ಇಬೇಯಲ್ಲಿ ಖರೀದಿದಾರನ ಆಫರ್ ಒಪ್ಪಿ ಮಾರಿದ ಕಾರ್ಡಿನ ಮೂಲ ಬೆಲೆಯ ಮೇಲೆ ಗೆರೆ ಎಳೆದಿರುತ್ತದೆಯೇ ಹೊರತು ಒಪ್ಪಿಕೊಂಡ ಬೆಲೆ ಅಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಲು 130 ಪಾಯಿಂಟ್‌ನಂಥ ತಾಣಗಳಲ್ಲಿ ಪ್ರತ್ಯೇಕವಾಗಿ ನೋಡಬೇಕು. ಹರಾಜಿನಲ್ಲಿ ಗೆದ್ದು ಹಣ ಕಟ್ಟದೆ ಮಾಯವಾದವರ ಬೆಲೆಯೂ ಮಾರಾಟವೆಂದೇ ದಾಖಲಾಗಿ ಉಳಿಯುವುದುಂಟು. ಡೀಲರ್ ತೋರಿಸುವ ಫೋನಿನಲ್ಲಿ ಯಾವ ಸಂಖ್ಯೆ ಇದೆ, ಅದರ ಹಿಂದಿನ ನಾಲ್ಕೈದು ಮಾರಾಟಗಳು ಯಾವುವು ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ಅದಕ್ಕಿಂತ ಮುಖ್ಯವಾಗಿ, ಹಳೆಯ ಕಾರ್ಡುಗಳಲ್ಲಿ ಒಂದೇ ಗ್ರೇಡು ಎಂದರೆ ಒಂದೇ ಕಾರ್ಡು ಎಂದಲ್ಲ. ಟಾಪ್ಸ್ ಕಂಪನಿಯ 1950ರ ದಶಕದ ಕಾರ್ಡುಗಳಲ್ಲಿ ಪಿಎಸ್‌ಎ 4 ಪಡೆದ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ: ಒಂದರ ಚಿತ್ರ ನಡುವೆ ಸರಿಯಾಗಿ ಕುಳಿತಿರುತ್ತದೆ, ಬಣ್ಣ ಮಾಸಿರುವುದಿಲ್ಲ, ಮೂಲೆಗಳು ಮಾತ್ರ ದುಂಡಾಗಿರುತ್ತವೆ, ಇನ್ನೊಂದರ ಚಿತ್ರ ಒಂದು ಪಕ್ಕಕ್ಕೆ ಜಾರಿ ಅಂಚೇ ಇಲ್ಲದಂತಿರುತ್ತದೆ. ಮೊದಲನೆಯದಕ್ಕೆ ಶೇಕಡಾ 30ರಷ್ಟು ಹೆಚ್ಚು ಕೊಟ್ಟರೂ ನನಗೆ ದುಬಾರಿ ಎನಿಸುವುದಿಲ್ಲ. ಶೋಗೆ ಹೋಗುವುದರ ನಿಜವಾದ ಲಾಭ ಇದು. ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವ ಸುಕ್ಕು ಯಾವ ಫೋಟೋದಲ್ಲಿಯೂ ಕಾಣುವುದಿಲ್ಲ.

ಗ್ರೇಡ್ ಆಗದ ಕಾರ್ಡನ್ನು ಕೊಳ್ಳುವುದಾದರೆ ಭೂತಗನ್ನಡಿ ಮತ್ತು ಸಣ್ಣ ಟಾರ್ಚ್ ಜೊತೆಗಿರಲಿ. ಅಂಚು ಕತ್ತರಿಸಿ ಹೊಸದಾಗಿಸಿದ ಕಾರ್ಡು, ಬಣ್ಣ ಹಚ್ಚಿದ ಮೂಲೆ, ಒತ್ತಿ ಸಪಾಟು ಮಾಡಿದ ಸುಕ್ಕು ಇವೆಲ್ಲ ಮೇಜುಗಳ ಮೇಲೆ ಬರುತ್ತವೆ, ಮಾರುವವನಿಗೂ ಅದು ಗೊತ್ತಿಲ್ಲದಿರಬಹುದು. ಮೇಲೆ ಹೇಳಿದ ಫ್ಲೀರ್ ಜೋರ್ಡನ್ ಕಾರ್ಡಿನ ನಕಲುಗಳಂತೂ ಎಷ್ಟೋ ವರ್ಷಗಳಿಂದ ಚಲಾವಣೆಯಲ್ಲಿವೆ. ಅದನ್ನು ಗ್ರೇಡ್ ಆಗದ ಸ್ಥಿತಿಯಲ್ಲಿ ಅಪರಿಚಿತರಿಂದ ಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯ. ಸ್ಲ್ಯಾಬ್‌ನಲ್ಲಿದೆ ಎಂದು ಕಣ್ಣು ಮುಚ್ಚಿ ನಂಬುವುದೂ ಬೇಡ. ಸ್ಲ್ಯಾಬ್ ಮೇಲಿರುವ ಪ್ರಮಾಣಪತ್ರದ ಸಂಖ್ಯೆಯನ್ನು ಗ್ರೇಡಿಂಗ್ ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಅದನ್ನು ಕೈಯಲ್ಲಿರುವ ಕಾರ್ಡಿನೊಂದಿಗೆ ಹೋಲಿಸಿ. ನಿಜವಾದ ಸಂಖ್ಯೆಯನ್ನು ನಕಲು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಪ್ರಕರಣಗಳಿರುವುದರಿಂದ ಸಂಖ್ಯೆ ಸರಿಯಾಗಿದೆ ಎಂಬುದಷ್ಟೇ ಸಾಲದು.

ಶೋಗಳಲ್ಲಿ ತಪ್ಪು ನಿರೀಕ್ಷೆ ಇಟ್ಟುಕೊಂಡು ಬರುವವರು ಕೊಳ್ಳುವವರಷ್ಟೇ ಅಲ್ಲ. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಹೊತ್ತು ತರುವ ಜನರನ್ನು ಪ್ರತಿ ಶೋದಲ್ಲಿಯೂ ಕಾಣಬಹುದು. ಆಗ ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು, ಕೊಂಡವರೂ ಮುಂದೆ ಬೆಲೆ ಬರುತ್ತದೆಂದು ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟಿದ್ದರಿಂದಲೇ ಅವು ಅಪರೂಪವಾಗಲಿಲ್ಲ. ಅಪ್ಪರ್ ಡೆಕ್ ಕಂಪನಿಯ 1989ರ ಸೆಟ್‌ನ ಮೊದಲ ಸಂಖ್ಯೆಯ, ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ಅವರ ರೂಕಿ (ಮೊದಲ ವರ್ಷದ) ಕಾರ್ಡನ್ನು ಇಂದಿಗೂ ಜನ ಬಯಸುತ್ತಾರೆ, ಆದರೆ ಪಿಎಸ್‌ಎ 10 ಪಡೆದವೇ ಸಾವಿರಾರು ಇವೆ. 1909ರಿಂದ 1911ರವರೆಗೆ ಸಿಗರೇಟು ಪ್ಯಾಕೆಟ್‌ಗಳಲ್ಲಿ ಬಂದ ಟಿ206 ಸೆಟ್‌ನ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಅತಿ ಅಪರೂಪದ ಕಾರ್ಡಿನ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಸುದ್ದಿಯಲ್ಲಿ ಲಕ್ಷಾಂತರ ಡಾಲರ್ ಎಂದು ಓದಿಕೊಂಡು ಅಟ್ಟದಿಂದ ಪೆಟ್ಟಿಗೆ ಇಳಿಸುವವರಿಗೆ ಇದನ್ನು ವಿವರಿಸುವುದು ಬಹಳ ಕಷ್ಟದ ಕೆಲಸ.

ಉತ್ತರ: ಡಾಲರ್ ಬಾಕ್ಸ್

ಇಲ್ಲಿ ನಡೆಯುತ್ತಿರುವ ಚರ್ಚೆಯೆಲ್ಲ ಗಾಜಿನ ಪೆಟ್ಟಿಗೆಯೊಳಗಿನ ಕಾರ್ಡುಗಳ ಬಗ್ಗೆಯೇ ಇದೆ. ನನ್ನಂಥವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಡಾಲರ್, ಎರಡು ಡಾಲರ್, ಐದು ಡಾಲರ್ ಎಂದು ಬರೆದಿಟ್ಟ ಉದ್ದನೆಯ ರಟ್ಟಿನ ಪೆಟ್ಟಿಗೆಗಳ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರೆ ಅರ್ಧ ದಿನ ಕಳೆಯುತ್ತದೆ. ಒಂದೂವರೆ ಡಾಲರ್‌ನ ಕಾರ್ಡನ್ನು ಆನ್‌ಲೈನ್‌ನಲ್ಲಿ ಕೊಂಡರೆ ಅಂಚೆ ವೆಚ್ಚವೇ ಕಾರ್ಡಿನ ಬೆಲೆಯ ಹತ್ತಿರ ಬರುತ್ತದೆ, ಮಾರುವವನಿಗೂ ಅದರ ಫೋಟೋ ತೆಗೆದು ಪಟ್ಟಿ ಮಾಡುವುದು ದಂಡ. ಆದ್ದರಿಂದ ಇಂಥ ಕಾರ್ಡುಗಳಿಗೆ ಶೋ ಬಿಟ್ಟರೆ ಬೇರೆ ಒಳ್ಳೆಯ ಜಾಗವಿಲ್ಲ. ಸೆಟ್ ಪೂರ್ಣಗೊಳಿಸುತ್ತಿರುವವರು ತಮಗೆ ಬೇಕಾದ ಸಂಖ್ಯೆಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಬರಲಿ. ಸಭಾಂಗಣದೊಳಗೆ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ.

ಚೌಕಾಸಿಯ ಕ್ರಮವೂ ಇಲ್ಲಿ ಬೇರೆ. ಒಂದೊಂದು ಕಾರ್ಡಿಗೂ ಬೆಲೆ ಇಳಿಸಲು ಹೋಗಬೇಡಿ. ಬೇಕಾದದ್ದನ್ನೆಲ್ಲ ಒಂದು ಅಡಕು ಮಾಡಿ, ಎಣಿಸಿ, ಒಟ್ಟಿಗೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿ. 46 ಡಾಲರ್ ಆದದ್ದನ್ನು ಕೇಳುವ ಮೊದಲೇ 40ಕ್ಕೆ ಇಳಿಸುವ ಡೀಲರ್‌ಗಳೇ ಹೆಚ್ಚು.

ಕೊನೆಯ ದಿನ ಮಧ್ಯಾಹ್ನ ಹೋದರೆ ಎಲ್ಲವೂ ಅಗ್ಗ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹೊತ್ತು ವಾಪಸ್ ಒಯ್ಯಲು ಬೇಸರವಾಗುವ ಭಾರದ ಸರಕಿಗೆ, ಅಂದರೆ ಅಗ್ಗದ ಪೆಟ್ಟಿಗೆಗಳಿಗೆ ಮತ್ತು ಪೂರ್ಣ ಸೆಟ್‌ಗಳಿಗೆ, ಅದು ಅನ್ವಯಿಸುತ್ತದೆ. ಸ್ಲ್ಯಾಬ್‌ಗಳು ಒಂದು ಸೂಟ್‌ಕೇಸಿನಲ್ಲಿ ಮುಂದಿನ ಶೋಗೆ ಹೋಗುವುದರಿಂದ ಅವುಗಳಿಗೆ ಅಂಥ ಅವಸರವಿಲ್ಲ. ನಿಜವಾಗಿ ಕಡಿಮೆ ಬೆಲೆ ಬರೆದಿದ್ದ ಕಾರ್ಡುಗಳನ್ನಂತೂ ಬಾಗಿಲು ತೆರೆಯುವ ಮೊದಲೇ, ಮೇಜು ಜೋಡಿಸುವ ಹೊತ್ತಿನಲ್ಲಿ, ಡೀಲರ್‌ಗಳು ತಮ್ಮತಮ್ಮಲ್ಲೇ ಕೊಂಡುಕೊಂಡಿರುತ್ತಾರೆ. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾಗಿ ಈಗ ವರ್ಷಕ್ಕೊಮ್ಮೆ ಹಲವು ದಿನ ನಡೆಯುವ ನ್ಯಾಷನಲ್‌ನಂಥ (ನ್ಯಾಷನಲ್ ಸ್ಪೋರ್ಟ್ಸ್ ಕಲೆಕ್ಟರ್ಸ್ ಕನ್ವೆನ್ಷನ್) ಬೃಹತ್ ಪ್ರದರ್ಶನದಲ್ಲಿ ಇದು ಇನ್ನೂ ಹೆಚ್ಚು. ಮೊದಲ ದಿನ ಆಯ್ಕೆ, ಕೊನೆಯ ದಿನ ರಿಯಾಯಿತಿ. ಎರಡೂ ಒಂದೇ ದಿನ ಸಿಗುವುದಿಲ್ಲ.

ಬೈಂಡರ್‌ಪ್ರಿಯ

ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಹಣದ ಬದಲು ಕಾರ್ಡಿಗೆ ಕಾರ್ಡು ಕೊಟ್ಟು ವ್ಯವಹರಿಸಿದರೆ ಲಾಭವೇ? ಹಾಗೆಯೇ, ಹೊಸ ಋತು ಆರಂಭವಾಗುವ ಮುನ್ನ ರೂಕಿ ಆಟಗಾರರ ಕಾರ್ಡುಗಳನ್ನು, ಅಥವಾ ಕಾರ್ಡಿನ ಪ್ಯಾಕ್‌ಗಳಿರುವ ತೆರೆಯದ ಬಾಕ್ಸ್‌ಗಳನ್ನು ಶೋದಲ್ಲಿ ಕೊಳ್ಳುವುದು ಜಾಣತನವೇ?

ಉತ್ತರ: ಮೇಜಿನಾಚೆಯವನು

ವಿನಿಮಯದಲ್ಲಿ ಸಾಮಾನ್ಯವಾಗಿ ನಗದಿಗಿಂತ ಹೆಚ್ಚಿನ ಬೆಲೆ ಸಿಗುತ್ತದೆ. ಶೇಕಡಾ 70 ನಗದು ಕೊಡುವವನು ವಿನಿಮಯಕ್ಕೆ 80 ಅಥವಾ 85ಕ್ಕೆ ಒಪ್ಪಬಹುದು, ಏಕೆಂದರೆ ಅವನು ನಿಮಗೆ ಕೊಡುವ ಕಾರ್ಡಿನಲ್ಲಿ ಅವನ ಲಾಭ ಆಗಲೇ ಸೇರಿರುತ್ತದೆ. ಆದ್ದರಿಂದ ನಿಮ್ಮ ಕಾರ್ಡಿಗೆ ಎಷ್ಟು ಶೇಕಡಾ ಕೊಟ್ಟರು ಎಂದು ಮಾತ್ರ ನೋಡಿ ಸಂತೋಷಪಡಬೇಡಿ, ಅವರ ಕಾರ್ಡನ್ನು ಯಾವ ಬೆಲೆಗೆ ಲೆಕ್ಕ ಹಾಕಿದರು ಎಂಬುದನ್ನು ಅದೇ ಉಸಿರಿನಲ್ಲಿ ಕೇಳಿ. ನಿಮ್ಮದನ್ನು ಸರಾಸರಿಯಲ್ಲಿ, ಅವರದನ್ನು ಅತಿ ಹೆಚ್ಚಿನ ಮಾರಾಟದಲ್ಲಿ ಲೆಕ್ಕ ಹಾಕುವುದು ಬಹು ಹಳೆಯ ಚಾಳಿ. ಡೀಲರ್‌ಗಿಂತ ಇನ್ನೊಬ್ಬ ಸಂಗ್ರಾಹಕನೊಂದಿಗೆ, ಎರಡೂ ಕಡೆ ಒಂದೇ ಅಳತೆಯಲ್ಲಿ, ವಿನಿಮಯ ಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ದೊಡ್ಡ ಶೋಗಳ ಸಂಜೆ ಇದಕ್ಕೆಂದೇ ಜನ ಸೇರುತ್ತಾರೆ.

ಋತುವಿನ ವಿಚಾರದಲ್ಲಿ ನನ್ನ ಸಲಹೆ ನೀವು ಕೇಳಿದ್ದಕ್ಕೆ ವಿರುದ್ಧವಾಗಿದೆ. ಅಮೆರಿಕನ್ ಫುಟ್‌ಬಾಲ್ ಋತು ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ, ಅದರ ರೂಕಿ ಕಾರ್ಡುಗಳಿಗೆ ಬೇಡಿಕೆ ಏರುವುದು ಜುಲೈ ಮತ್ತು ಆಗಸ್ಟ್‌ನಲ್ಲಿ. ಆಗ ನಾವು ಮಾರುತ್ತೇವೆ. ಕೊಳ್ಳಲು ಸರಿಯಾದ ಕಾಲವೆಂದರೆ ಆಟ ಮುಗಿದು ಎಲ್ಲರ ಗಮನ ಬೇರೆ ಕ್ರೀಡೆಯತ್ತ ಹೊರಳಿದಾಗ. ಇನ್ನೂ ಮುಖ್ಯ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದ ಬೇಸ್‌ಬಾಲ್ ಹುಡುಗರ ಕಾರ್ಡುಗಳಿಗೆ ಜನ ನೂರಾರು ಡಾಲರ್ ಕೊಡುತ್ತಾರೆ, ಅವರಲ್ಲಿ ಬಹುಪಾಲು ಹುಡುಗರು ತಾರೆಗಳಾಗುವುದಿಲ್ಲ. ಆ ಆಟಗಾರ ನಿಮಗೆ ನಿಜವಾಗಿ ಇಷ್ಟವಾಗಿದ್ದರೆ ಕೊಳ್ಳಿ.

ತೆರೆಯದ ಬಾಕ್ಸ್‌ಗಳನ್ನು, ಅದರಲ್ಲೂ ಹಳೆಯ ಬಾಕ್ಸ್‌ಗಳನ್ನು, ಗುರುತಿಲ್ಲದ ಮೇಜಿನಿಂದ ಕೊಳ್ಳಬೇಡಿ. ಒಳಗಿನ ಪ್ಯಾಕ್‌ಗಳನ್ನು ತೆಗೆದು ನೋಡಿ ಮತ್ತೆ ಪ್ಲಾಸ್ಟಿಕ್ ಸುತ್ತುವ ಕೈಚಳಕ ಹೊಸದೇನಲ್ಲ. ಹೊಸ ಬಾಕ್ಸ್ ಬೇಕೆಂದಿದ್ದರೆ ಬಿಡುಗಡೆಯಾದ ವಾರದ ಬೆಲೆಯನ್ನೂ ಒಂದೆರಡು ತಿಂಗಳ ನಂತರದ ಬೆಲೆಯನ್ನೂ ಹಳೆಯ ಸೆಟ್‌ಗಳಲ್ಲಿ ಹೋಲಿಸಿ ನೋಡಿ, ಎಷ್ಟೋ ಸೆಟ್‌ಗಳ ಬೆಲೆ ಇಳಿದಿರುತ್ತದೆ. ಬಾಕ್ಸ್ ತೆರೆಯುವ ಮಜಾ ಬೇಕು ಎಂದಾದರೆ ಅದು ಬೇರೆ ಮಾತು, ಅದಕ್ಕೆ ಇಷ್ಟು ಹಣ ಎಂದು ಮೊದಲೇ ತೆಗೆದಿಟ್ಟುಬಿಡಿ. ಒಂದು ನಿರ್ದಿಷ್ಟ ಕಾರ್ಡು ಬೇಕು ಎಂದಾದರೆ, ಬೇರೆಯವರು ತೆರೆದ ಬಾಕ್ಸ್‌ನಿಂದ ಬಂದ ಆ ಕಾರ್ಡು ಅದೇ ಸಭಾಂಗಣದ ಯಾವುದೋ ಮೇಜಿನ ಮೇಲೆ ಬಾಕ್ಸ್‌ಗಿಂತ ಕಡಿಮೆ ಬೆಲೆಗೆ ಇರುವ ಸಾಧ್ಯತೆ ಹೆಚ್ಚು.